ಬಾಗಿಲಿಗೆ ನೇತುಹಾಕಿದ್ದ ಚೀಟಿ

ಬಿಡಿ ಬಿಡಿ, ನೀವ್ಯಾಕೆ ಬಗ್ತೀರಿ ಮೇಡಮ್... ನಾನಿದ್ದೀನಲ್ಲ. ಮಂಚದ ಕೆಳಗಿಂದ ಪೆಟ್ಟಿಗೆ ಎಳೆಯೋಕೂ ಒಂದು ವರಸೆ ಇದೆ. ಮೊದಲು ಬಲಕ್ಕೆ ತಿರುಗಿಸ್ಬೇಕು, ಆಮೇಲೆ ಎಳೀಬೇಕು... ಹಾಂ, ಬಂತು ನೋಡಿ. ಕಣ್ಣು ಕಟ್ಟಿ ಬಿಟ್ರೂ ಈ ಕ್ಯಾಬಿನ್ನಲ್ಲಿ ಯಾವ ಮೂಲೇಲಿ ಏನಿದೆ ಅಂತ ಹೇಳ್ತೀನಿ. ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ. ನಿಮ್ಮ ತಾಯಿ ಸಾಮಾನು ಒಂದು ಸೂಜಿ ಬಿಡದ ಹಾಗೆ ಕಟ್ಟಿಕೊಡ್ತೀನಿ. ಹಡಗು ಬಿಡೋದು ಸಂಜೆ ಐದಕ್ಕೆ. ಬೇಕಾದಷ್ಟು ಹೊತ್ತಿದೆ.

ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದ್ರಾ? ಪಾಪ, ಮುಖ ನೋಡಿದ್ರೇ ಗೊತ್ತಾಗುತ್ತೆ, ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ನೀವು. ಹೇಗಿದ್ದಾರೆ ಈಗ? ಕಣ್ಣು ಬಿಡ್ತಾರಾ?... ಗುರುತು ಹಿಡೀತಾರಾ! ಅಬ್ಬ... ದೇವರು ದೊಡ್ಡೋನು. ಮತ್ತೆ ಮಾತು?

ಇನ್ನೂ ಇಲ್ವಾ. ಒಂದಕ್ಷರಾನೂ?... ಹ್ಞೂಂ. ಬರುತ್ತೆ ಬಿಡಿ. ಬಂದೇ ಬರುತ್ತೆ. ಬರೆದು ತೋರಿಸೋದು, ಸನ್ನೆ ಮಾಡೋದು, ಹಾಗೇನಾದ್ರೂ... ಇಲ್ಲ, ಇಲ್ಲ, ಸುಮ್ನೆ ಕೇಳ್ದೆ. ಏನೋ ಹೇಳ್ಬೇಕು ಅಂತ ಒದ್ದಾಡ್ತಾರಾ? ಹಾಗಂತೀರಾ... ಯಾರ ವಿಷಯ ಅಂತ... ಬಿಡಿ. ಲಕ್ವ ಹೊಡೆದು ಬಲಗೈ ಬಿದ್ದೋಗಿದೆ ಅಂದಮೇಲೆ ಬರೆಯೋದೆಲ್ಲಿ ಬಂತು.

ಈ ಕನ್ನಡಕದ ಡಬ್ಬಿ ಪೆಟ್ಟಿಗೇಲಿ ಇಡ್ಲಾ, ಕೈಚೀಲದಲ್ಲಾ? ಕೈಚೀಲದಲ್ಲೇ ಇರ್ಲಿ. ಟೀಚರಮ್ಮನಿಗೆ ಕನ್ನಡಕ ಕೈಗೆ ಸಿಗ್ಬೇಕು. ಹಾಂ, ನಾವೆಲ್ಲ ಅವರನ್ನ ಟೀಚರಮ್ಮ ಅಂತಲೇ ಕರೀತಿದ್ದಿದ್ದು. ಮೂವತ್ತೆರಡು ವರ್ಷ ಪಾಠ ಹೇಳಿದೋರು, ಹಡಗು ಹತ್ತಿದ್ರೆ ಬಿಡ್ತಾರಾ? ಮೊದಲನೇ ದಿನವೇ ನನಗೆ ಮಾರ್ಕ್ಸ್ ಕೊಟ್ರು! ಟವೆಲ್ ಸುತ್ತಿ ಆನೆ ಮಾಡಿ ಮಂಚದ ಮೇಲೆ ಕೂರಿಸಿದ್ದೆ. ಎಲ್ಲ ಪ್ರಯಾಣಿಕರಿಗೂ ಮಾಡ್ತೀವಿ, ಅವರು ಫೋಟೋ ತೆಕ್ಕೊಂಡು ಖುಷಿ ಪಡ್ತಾರೆ. ಇವರು ಕನ್ನಡಕ ಏರಿಸಿ ಆ ಕಡೆಯಿಂದ ನೋಡಿದ್ರು, ಈ ಕಡೆಯಿಂದ ನೋಡಿದ್ರು. "ಇದು ಆನೇನಾ, ಇಲ್ಲಾ ನೆಗಡಿ ಬಂದಿರೋ ಹಂದೀನಾ? ಹತ್ತಕ್ಕೆ ನಾಲ್ಕು" ಅಂದ್ರು!

ನಗಿ, ನಗಿ ಮೇಡಮ್. ಅವರು ನಗ್ಸೋಕೇ ಹೇಳಿದ್ದು. ಹಾಸಿಗೆ ಹೊದಿಸೋದಕ್ಕೆ ಮಾತ್ರ ಒಂಬತ್ತು ಕೊಟ್ರು. ಹತ್ತು ಯಾಕಿಲ್ಲ ಅಂತ ಜಗಳ ಆಡಿದ್ದಕ್ಕೆ, "ಹತ್ತು ಕೊಟ್ರೆ ನಾಳೆಯಿಂದ ಮೈಗಳ್ಳಿ ಆಗ್ತೀಯ" ಅಂತ. ನನಗೆ ಹೆಸರು ಬೇರೆ ಇಟ್ಟಿದ್ರು, ಮಾತಿನಮಲ್ಲಿ ಅಂತ. ದಿನಾ ಹತ್ತಕ್ಕೆ ನಾನು ಬರೋದು, ಅವರು ಈ ಕಿಟಕಿ ಹತ್ರ ಕೂತಿರೋದು. ನಾನು ಬಚ್ಚಲು ಉಜ್ಜುತ್ತಾ ಮಾತಾಡ್ತಾ ಇದ್ರೆ ಅವರು ಹ್ಞೂಂ ಅಂತಿದ್ರು. ನನ್ನ ಮಗಳ ಸುದ್ದಿಯೆಲ್ಲ ಅವರಿಗೆ ಗೊತ್ತು. ಅವಳು ನನ್ನ ಅಕ್ಕನ ಮನೇಲಿದ್ದಾಳೆ, ಆರನೇ ಕ್ಲಾಸು. ಭಿನ್ನರಾಶಿ ಲೆಕ್ಕ ಬರ್ತಿಲ್ಲ ಅಂತ ಅತ್ತಿದ್ಲು. ಟೀಚರಮ್ಮ ಒಂದು ಹಾಳೇಲಿ ರೊಟ್ಟಿ ಚಿತ್ರ ಬರೆದು, ತುಂಡು ಮಾಡಿ ತೋರಿಸಿ, "ಇದನ್ನ ಫೋಟೋ ತೆಗೆದು ಕಳಿಸು" ಅಂದ್ರು. ಮಾರನೇ ದಿನ ಅಕ್ಕ ಫೋನ್ ಮಾಡಿ, "ಯಾರೇ ಅದು ಪುಣ್ಯಾತ್ಗಿತ್ತಿ" ಅಂತ ಕೇಳಿದ್ಲು.

ಏನದು?... ಆ ಶಾಲು ನನಗಾ? ಬೇಡ ಮೇಡಮ್. ಬೇಡ, ದಯವಿಟ್ಟು. ಅವರಿಗೇ ಬೇಕಾಗುತ್ತೆ, ಆಸ್ಪತ್ರೇಲಿ ಚಳಿ... ನಿಮ್ಮಿಂದ ನಮ್ಮಮ್ಮ ಉಳಿದ್ರು ಅಂತ ಅನ್ಬೇಡಿ. ಅನ್ಬೇಡಿ ಮೇಡಮ್, ಕೈ ಮುಗೀತೀನಿ! ಎಲ್ಲರೂ ಅದನ್ನೇ ಅಂತಾರೆ. ನಮ್ಮ ಸೂಪರ್‌ವೈಸರ್, ಆ ಸಿಡುಕಪ್ಪ, ಎಂಟು ತಿಂಗಳಲ್ಲಿ ಒಂದು ಸಲ ನಕ್ಕವನಲ್ಲ, ಅವನು ಕೂಡ ಬೆನ್ನು ತಟ್ಟಿ ಶಾಭಾಷ್ ಅಂದ. ನಾಲ್ಕು ಗಂಟೆಗೆ ಕ್ಯಾಪ್ಟನ್ ಮುಂದೆ ನಿಲ್ಲಿಸಿ ಸರ್ಟಿಫಿಕೇಟು ಕೊಡ್ತಾರಂತೆ. ನಿಮ್ಮ ಪಕ್ಕದಲ್ಲಿ ನಿಲ್ಲಿಸಿ ಫೋಟೋ ಬೇರೆ. ನಿಮಗೂ ಹೇಳಿದ್ರಾ?... ನೀವು ಒಪ್ಕೊಂಡ್ರಾ?

ಈ ಶಾಲು ಮಡಿಸಿ ಪೆಟ್ಟಿಗೇಲೇ ಇಡ್ತೀನಿ.

ಅವತ್ತಿನದಾ? ಅವತ್ತಿಂದು ಎಲ್ಲ ಬರೆದುಕೊಟ್ಟಿದ್ದೀನಿ ಮೇಡಮ್, ಆಫೀಸಲ್ಲಿದೆ... ನನ್ನ ಬಾಯಿಂದಲೇ ಕೇಳ್ಬೇಕಾ? ಸರಿ. ಅದರಲ್ಲೇನಿದೆ. ಹೇಳ್ತೀನಿ. ಹತ್ತು ಗಂಟೆಗೆ ಬಂದೆ. ದಿನಾ ಬರೋ ಹಾಗೇ. ಬಾಗಿಲ ಹಿಡಿಗೆ ಚೀಟಿ ನೇತಾಡ್ತಿತ್ತು. ಕೆಂಪು ಚೀಟಿ, "ತೊಂದರೆ ಕೊಡಬೇಡಿ" ಅಂತ. ರಾತ್ರಿ ಹಾಕಿದ್ದನ್ನ ತೆಗೆಯೋದು ಮರೆತಿರ್ಬೇಕು. ಆದ್ರೂ ತಟ್ಟಿದೆ, ಮೆಲ್ಲಗೆ. ಒಳಗಿಂದ ಟೀಚರಮ್ಮ, "ಈಗ ಬೇಡ, ಆಮೇಲೆ ಬಾ" ಅಂದ್ರು. ಸರಿ ಅಂತ ಹೊರಟೆ. ದಿನದ ಕೆಲಸ ಬರೆಯೋ ಹಾಳೇಲೂ ಹಾಗೇ ಬರೆದೆ. ಎರಡು ಗಂಟೆಗೆ ಮತ್ತೆ ಬಂದೆ, ಚೀಟಿ ಹಾಗೇ ಇತ್ತು. ನನಗೆ ಅನುಮಾನ ಬಂತು. ಸೂಪರ್‌ವೈಸರ್‌ನ ಕರೆದು ಬಾಗಿಲು ತೆಗೆಸಿದೆ. ಅಷ್ಟೇ.

ಹೌದು, ಧ್ವನಿ ಚೆನ್ನಾಗಿತ್ತು. ಹತ್ತು ಗಂಟೆಗೆ. ಹತ್ತೋ, ಹತ್ತೂ ಐದೋ... ಸರಿಯಾಗಿ ಕೇಳಿಸ್ತು ಮೇಡಮ್, ಯಾಕೆ? ನೋಡಿ, ನೀವು ಕೇಳಿದ್ದು ಬರೀ ಗಂಟೆ, ನಾನು ಕುಂಬಳಕಾಯಿ ಕಳ್ಳನ ಥರ ಹೆಗಲು ಮುಟ್ಟಿ ನೋಡ್ಕೊಳ್ತಿದ್ದೀನಿ!

ಚೀಟಿ ಇದ್ದಾಗ ಒಳಗೆ ಹೋಗೋ ಹಾಗೇ ಇಲ್ವಾ ಅಂತೀರಾ? ಇಲ್ಲ ಮೇಡಮ್. ಪ್ರಾಣ ಹೋಗೋ ಸಂಗತಿ ಅಂತ ಅನುಮಾನ ಬಂದ್ರೆ ಮಾತ್ರ ಮೇಲಿನವರನ್ನ ಕರೆದು ತೆಗೀಬಹುದು. ನಮ್ಮ ಪಾಡು ನಿಮಗೆ ಹೇಗೆ ಹೇಳ್ಲಿ... ನಾಲ್ಕು ದಿನದ ಹಿಂದೆ, ಇದೇ ಸಾಲಲ್ಲಿ, ಆ ಕೊನೇ ಕ್ಯಾಬಿನ್ನು. ಒಳಗೆ ಏನೋ ಧಡ್ ಅಂತ ಬಿತ್ತು. ಚೀಟಿ ಇತ್ತು, ಆದ್ರೂ ಯಾರೋ ಬಿದ್ರೇನೋ ಅನ್ಸ್ತು. ಬಾಗಿಲು ತೆಗೆಯೋ ಕಾರ್ಡು ಹಾಕಿ ನುಗ್ಗಿದೆ. ನೋಡಿದ್ರೆ ಒಬ್ಬ ದಢೂತಿ ಮನುಷ್ಯ, ಮೈಮೇಲೆ ಸೋಪಿನ ನೊರೆ ಬಿಟ್ರೆ ಇನ್ನೇನಿಲ್ಲ! ಬಿದ್ದಿದ್ದು ಅವನ ಶಾಂಪೂ ಬಾಟಲಿ. ಈಗ ನಗು ಬರುತ್ತೆ. ಅವತ್ತು ಅವನು ಟವೆಲ್ ಸುತ್ಕೊಂಡು ಆಫೀಸಿನ ತನಕ ಕಿರುಚ್ತಾ ಹೋದ. ಕಳ್ಳಿ ಅಂದ. ಇನ್ನೂ ಏನೇನೋ ಅಂದ. ಸೂಪರ್‌ವೈಸರ್ ಕಾಗದ ಕೈಗೆ ಕೊಟ್ಟ, ಕೊನೇ ಎಚ್ಚರಿಕೆ ಅಂತ. ಇನ್ನೊಂದು ಸಲ ಚೀಟಿ ಇರೋ ಬಾಗಿಲು ತೆಗೆದ್ರೆ, ಸುಮ್ಸುಮ್ನೆ ಗಾಬರಿ ಬಿದ್ದು ತನ್ನನ್ನ ಕರೆದ್ರೂ ಅಷ್ಟೇ, ಮುಂದಿನ ಬಂದರಲ್ಲಿ ಇಳಿಸಿಬಿಡ್ತೀನಿ ಅಂದ. ಬಿಸಿ ಹಾಲಲ್ಲಿ ಬಾಯಿ ಸುಟ್ಕೊಂಡ ಬೆಕ್ಕಿನ ಕಥೆ ಕೇಳಿಲ್ವಾ? ಹಾಗಾಯ್ತು. ಆಮೇಲೆ ಯಾವ ಬಾಗಿಲಲ್ಲಿ ಕೆಂಪು ಕಂಡ್ರೂ ನನ್ನ ಕಾಲು ಹಿಂದಕ್ಕೇ ಹೋಗೋದು.

ಇಲ್ಲ... ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸುಮ್ನೆ ಹೇಳ್ದೆ. ಇಲ್ಲಿ ಅವರು ಉತ್ತರ ಕೊಟ್ರಲ್ಲ! ಆಮೇಲೆ ಬಾ ಅಂದ್ರಲ್ಲ.

ಈ ಚಪ್ಪಲಿ ಬೇರೆ ಕವರಲ್ಲಿ ಹಾಕ್ತೀನಿ. ಔಷಧಿ ಡಬ್ಬಿ ಇಲ್ಲಿದೆ. ಓದ್ತಿದ್ದ ಪುಸ್ತಕ... ಗುರುತಿಗೆ ಇಟ್ಟ ಕಾಗದ ಬೀಳದ ಹಾಗೆ ಹಿಡ್ಕೊಳ್ಳಿ. ಇನ್ನೇನು ಆಯ್ತು.

ಕಪ್ಪಾ? ಯಾವ ಕಪ್ಪು?... ಓ, ಅವರ ಸ್ವಂತ ಕಪ್ಪು, ನೀಲಿ ಗೆರೆಯದು. ಇದೆ ಇದೆ, ಬಟ್ಟೆ ಮಧ್ಯ ಸುತ್ತಿಟ್ಟಿದ್ದೀನಿ, ಒಡೆಯಲ್ಲ. ಅದನ್ನ ತೊಳೆಯೋಕೆ ನನಗೆ ಸಾಕುಬೇಕಾಯ್ತು ಮೇಡಮ್. ಟೀ ಕೆನೆಕಟ್ಟಿ ಕಪ್ಪಿಗೆ ಅಂಟ್ಕೊಂಡುಬಿಟ್ಟಿತ್ತು. ತುಂಬಿದ ಕಪ್ಪು, ಒಂದು ಗುಟುಕೂ ಕುಡಿದಿರ್ಲಿಲ್ಲ. ಎಂಟು ಗಂಟೆಗೆ ಟೀ ತರೋನು ಕೈಗೇ ಕೊಟ್ಟು ಹೋಗಿದ್ನಂತೆ. "ತಲೆ ಭಾರ ಕಣಪ್ಪ" ಅಂದ್ರಂತೆ. ಅದನ್ನ ತಂದು ಈ ಮೇಜಿನ ಮೇಲೆ ಇಟ್ಟು ತಿರುಗಿದ್ದಾರೆ, ಅಷ್ಟರಲ್ಲೇ ಪಾಪ...

ಏನು ಮೇಡಮ್?

ಯಾಕೆ ಹಾಗೆ ನೋಡ್ತೀರಿ?

ಟೀ ತಣ್ಣಗಾದ್ರೆ ಕುಡಿಯಲ್ಲ ಅವರು, ಗೊತ್ತು ನನಗೂ. ಬಂದ ತಕ್ಷಣ ಕುಡೀಬೇಕು, ನಾಲಗೆ ಸುಟ್ರೂ ಸರಿ... ಅಂದ್ರೆ ಎಂಟು ಗಂಟೆಗೇ... ಇಲ್ಲ ಇಲ್ಲ, ಅದು ಎರಡನೇ ಟೀ ಇರ್ಬಹುದು. ಆಮೇಲೆ ಯಾವಾಗ್ಲೋ ತರಿಸಿರ್ಬಹುದು. ಯಾರು ತಂದ್ರೋ ನನಗೇನು ಗೊತ್ತು, ನನ್ನ ಕೆಲಸ ಹಾಸಿಗೆ, ಬಚ್ಚಲು... ಮೇಡಮ್?

ಡಾಕ್ಟರು ಏನಂದ್ರು? ಬಿದ್ದ ಗಳಿಗೇಲೇ ಮಾತು ಹೋಗಿದೆ ಅಂದ್ರಾ?... ಅದನ್ನ ನೀವು ಆಗ್ಲೇ ಹೇಳ್ಬೇಕಿತ್ತು. ಬಂದ ಕೂಡ್ಲೇ ಹೇಳ್ಬೇಕಿತ್ತು...

ಏನಾದ್ರೂ ಅನ್ನಿ. ಬೈಯಿರಿ. ಸುಳ್ಳಿ ಅನ್ನಿ. ಹೀಗೆ ಕೂತ್ರೆ ನನಗೆ ಭಯ ಆಗುತ್ತೆ. ಸೂಪರ್‌ವೈಸರ್‌ನ ಕರೀಬೇಡಿ, ನಿಮ್ಮ ದಮ್ಮಯ್ಯ... ಇಲ್ಲ, ಕರೀರಿ. ಬೇಕಾದ್ರೆ ಕರೀರಿ! ಎರಡು ದಿನದಿಂದ ಯಾವ ಕಾಲಿನ ಸದ್ದು ಕೇಳಿದ್ರೂ ನನ್ನನ್ನ ಹಿಡಿಯೋಕೆ ಬಂದ್ರು ಅಂತಲೇ ಅನ್ಸುತ್ತೆ. ಮಗಳು ಫೋನ್ ಮಾಡಿದ್ರೂ ಎತ್ತೋಕೆ ಭಯ. ಟೀಚರಮ್ಮ ಹೇಗಿದ್ದಾರಮ್ಮ ಅಂತ ಕೇಳ್ತಾಳೆ ಅವಳು.

ಅವರು ಮಾತಾಡ್ಲಿಲ್ಲ.

ಹತ್ತು ಗಂಟೆಗೆ ಅವರು ಏನೂ ಅನ್ಲಿಲ್ಲ ಮೇಡಮ್. ಆಮೇಲೆ ಬಾ ಅಂತಾನೂ ಅನ್ಲಿಲ್ಲ, ಯಾರು ಅಂತಾನೂ ಅನ್ಲಿಲ್ಲ. ನಾನು ಬಾಗಿಲು ತಟ್ಟಿದೆ, ಮೂರು ಸಲ. ಒಳಗಿಂದ ಯಾರೋ ತಟ್ಟಿದ್ರು. ಅದೂ ಮೂರೇ ಸಲ. ಬಾಗಿಲ ತೀರಾ ಕೆಳಗೆ, ಹೊಸ್ತಿಲ ಹತ್ರ, ನನ್ನ ಪಾದದ ಎತ್ತರದಲ್ಲಿ. ಮೊದಲು ತಮಾಷೆ ಅನ್ಕೊಂಡೆ. ಟೀಚರಮ್ಮ ತಮಾಷೆ ಮಾಡೋರೇ ಅಲ್ವಾ... ಇನ್ನೊಂದು ಸಲ ತಟ್ಟಿದೆ. ಮತ್ತೆ ಮೂರು. ಆದ್ರೆ ಈ ಸಲ ನಿಧಾನ, ಒಂದೊಂದಕ್ಕೂ ಉಸಿರು ಹಿಡಿದ ಹಾಗೆ. ಎಪ್ಪತ್ತು ವರ್ಷದ ಹೆಂಗಸು ನೆಲದ ಮೇಲೆ ಮಲಗಿ ಯಾಕೆ ತಮಾಷೆ ಮಾಡ್ತಾರೆ? ನನಗೆ ಗೊತ್ತಾಯ್ತು. ಆ ಗಳಿಗೇಲೇ ಗೊತ್ತಾಯ್ತು.

ಕಾರ್ಡು ಕೈಯಲ್ಲೇ ಇತ್ತು. ಬೀಗದ ತನಕ ತಂದೆ ಕೂಡ. ಆ ಕೆಂಪು ಚೀಟಿ ಕಣ್ಣಿಗೆ ಬಿತ್ತು ನೋಡಿ... ಆ ನೊರೆ ಮನುಷ್ಯ, ಆ ಕಾಗದ, ಸೂಪರ್‌ವೈಸರ್ ಮುಖ. ಎಲ್ಲರೆದುರಿಗೆ ಪೆಟ್ಟಿಗೆ ಹಿಡ್ಕೊಂಡು ಮೆಟ್ಟಿಲಿಳಿಯೋದು. ಏನೂ ಆಗಿಲ್ದೆ ಇದ್ರೆ? ಅವರು ಏನೋ ಹುಡುಕ್ತಾ ನೆಲದ ಮೇಲೆ ಕೂತಿದ್ರೆ? ಹಾಗಂತ ನನಗೆ ನಾನೇ ಹೇಳ್ಕೊಂಡೆ. ನಂಬಿದೆ ಅಂತ ಹೇಳಲ್ಲ. ಹೇಳ್ಕೊಂಡೆ ಅಷ್ಟೇ. ಕೈ ತಾನಾಗಿ ಹಿಂದಕ್ಕೆ ಬಂತು. ಹಾಳೇಲಿ ಬರೆದೆ, "ಪ್ರಯಾಣಿಕರು ಆಮೇಲೆ ಬರಲು ಹೇಳಿದರು" ಅಂತ. ದುಂಡಗೆ, ಅವರು ಮೆಚ್ಚೋ ಹಾಗೆ.

ಎರಡು ಗಂಟೆಗೆ ಬಾಗಿಲು ತೆಗೆದಾಗ ಪೂರ್ತಿ ತೆಗೆಯೋಕೆ ಆಗ್ಲಿಲ್ಲ. ಅವರ ಭುಜ ಅಡ್ಡ ಇತ್ತು. ಎಡಗೈ ಬೆರಳ ಗಂಟುಗಳು ತರಚಿದ್ವು... ನೀವು ನೋಡಿದ್ದೀರಿ ಅಲ್ವಾ? ಆಸ್ಪತ್ರೇಲಿ? ಬಿದ್ದಾಗ ಆದ ಗಾಯ ಅಂದ್ರು ಎಲ್ಲರೂ. ನಾನೂ ಹೌದೌದು ಅಂದೆ.

ಎದ್ದು ಹೋಗ್ಬೇಡಿ ಮೇಡಮ್, ಇನ್ನೊಂದಿದೆ. ಅದನ್ನೂ ಹೇಳ್ಬಿಡ್ತೀನಿ. ಹೇಳದಿದ್ರೆ ನಾನು ನಾಲ್ಕು ಗಂಟೆಗೆ ಅಲ್ಲಿ ನಿಂತು ನಗ್ತೀನಿ, ನನಗೆ ಗೊತ್ತು ನನ್ನ ಬುದ್ಧಿ, ಹೆದರಿಕೇಲಿ ನಕ್ಕೇ ನಗ್ತೀನಿ.

ಗಾಡಿ ತಳ್ಕೊಂಡು ಪಕ್ಕದ ಕ್ಯಾಬಿನ್ನಿಗೆ ಹೋದೆ. ಇದೇ ಗೋಡೆ ಆಚೆ. ಹಾಸಿಗೆ ಬಟ್ಟೆ ಬದಲಾಯಿಸ್ತಾ ಇದ್ದೆ. ಅಲ್ಲಿಗೂ ಕೇಳಿಸ್ತಿತ್ತು. ಮೂರು, ಒಂದು ತಡೆ, ಮತ್ತೆ ಮೂರು. ನಾನು ಅಲ್ಲೇ ಇದ್ದೀನಿ ಅಂತ ಅವರಿಗೆ ಗೊತ್ತು ಮೇಡಮ್. ದಿನಾ ಇವರದಾದ್ಮೇಲೆ ಅದೇ ಅಲ್ವಾ ನನ್ನ ಕ್ಯಾಬಿನ್ನು. ದಿಂಬು ಎದೆಗೆ ಒತ್ತಿ ಹಿಡ್ಕೊಂಡು ನಿಂತೆ. ನಿಲ್ಲಲೇ ಇಲ್ಲ ಅದು.

ಆಮೇಲೆ ನಾನು... ಕಿವಿಗಡಚಿಕ್ಕೋ ಆ ಕಸ ಎಳೆಯೋ ಮಿಷನ್ನು ಗೋಡೆ ಹತ್ರ ಎಳ್ಕೊಂಡು ಬಂದು, ಆನ್ ಮಾಡಿಬಿಟ್ಟೆ.