ದೋಣಿ ತಟ್ಟೆ

ಆ ಹಿತ್ತಾಳೆ ಪಾತ್ರೆ ಕೆಳಗಿಡು ಹಂಸಾ. ಇಡು ಅಂದೆನಲ್ಲ. ನಾಳೆ ನಮ್ಮತ್ತೆ ತಿಥಿ, ಅದು ಅವರ ಪಾತ್ರೆ, ನೀನು ಮುಟ್ಟೋ ಹಾಗಿಲ್ಲ. ಗೌರಮ್ಮ ಅತ್ತಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದನ್ನ ನೀನೂ ಕೇಳಿಸಿಕೊಂಡೆ. ಅವರಮ್ಮನ ತಿಥಿ, ಅವರ ಮಾತೇ ನಡೆಯೋದು. ಹಾಗೆ ನೋಡಬೇಡ... ನಾನು ಮಾಡಿದ ನಿಯಮವಾ ಇದು? ಸೊಸೆ ಆಗಿ ಬಂದಾಗಿಂದ ಈ ಅಡಿಗೆ ನನ್ನ ಕೈಯಲ್ಲೇ ನಡೆದಿದೆ. ಮಡಿ ಎಲ್ಲಾದರೂ ತಪ್ಪಲಿ, ತಿಥೀನ ಸ್ಯಾನ್ ಮಟಿಯೋದ ತಮ್ಮ ಮನೆಗೆ ಎತ್ತಿಕೊಂಡು ಹೋಗೋಣ ಅಂತ ಅತ್ತಿಗೆ ಪ್ರತಿ ವರ್ಷ ಕಾಯ್ತಿರ್ತಾರೆ. ಕೊಡೋಕಾಗುತ್ತಾ?

ಈಗ ವಡೆ ನಾನೇ, ಎಳ್ಳುಂಡೆ ನಾನೇ, ಪಾಯಸ ನಾನೇ. ಯೂನಿಯನ್ ಸಿಟಿಯ ಅಡಿಗೆಯವರಿಗೆ ಬಿಡುವಿಲ್ಲವಂತೆ. ನನ್ನ ಸೊಂಟಕ್ಕೂ ಬಿಡುವಿಲ್ಲ, ನೋವು ಬಿಟ್ಟೇ ಇಲ್ಲ... ಯಾಕೆ ನಗ್ತೀಯ? ನಕ್ಕೆ, ನೋಡಿದೆ ನಾನು.

ಎಲ್ಲಾ ಆ ಜಪಾನ್ ಪ್ರವಾಸದಿಂದ, ಆ ಒಸಾಕದಿಂದ ಆಗಿದ್ದು. ನಾನು ಎಂಎಸ್ಸಿ ಓದಿದವಳು, ಒಂದು ಕೆಲಸ ಹಿಡಿದರೆ ಕ್ರಮವಾಗಿ ಮಾಡ್ತೀನಿ. ಬೆಳಿಗ್ಗೆ ಉಮೆದಾ, ಊಟ ಆದಮೇಲೆ ಶಿನ್ಸಾಯ್‌ಬಾಶಿ ಪೇಟೆ, ಬಿಸಿಲು ಇಳಿಯೋ ಹೊತ್ತಿಗೆ ದೋತೊಂಬೊರಿ ಕಾಲುವೆ ಅಂತ ಬರೆದು, ಎಲ್ಲರ ಫೋನಿಗೂ ಕಳಿಸಿದ್ದೆ. ಯಾರು ಓದಿದಿರಿ? ಉಮೆದಾ ಸ್ಟೇಷನ್ನಿನ ಕೆಳಗೆ ಅಷ್ಟು ದೊಡ್ಡ ಊರೇ ಇದೆ. ನಿನ್ನ ಗಂಡ ಫೋನು ಹಿಡಿದು ಮುಂದೆ ನಡೆದ. ಸುತ್ತಿ ಸುತ್ತಿ ಅದೇ ಬೇಕರಿ ಎದುರಿಗೇ ಬರ್ತಿದ್ವಿ. ಕೊನೆಗೆ ಆ ಬೇಕರಿ ಹುಡುಗಿ ನೆಂಟರನ್ನ ಕಂಡ ಹಾಗೆ ಬಗ್ಗಿ ನಮಸ್ಕಾರ ಮಾಡಿದಳು. ‘ಅನುರಾಗ್, ನಾನು ಬರೆದಿದ್ದು ನೋಡೋ’ ಅಂದರೆ, ‘ಅಮ್ಮಾ, ರಿಲ್ಯಾಕ್ಸ್’ ಅಂತೆ.

ಶಿನ್ಸಾಯ್‌ಬಾಶಿಯಲ್ಲಿ ಆ ಜನ... ಅಷ್ಟುದ್ದ ಪೇಟೆಗೆ ಕೂರೋಕೆ ಒಂದು ಬೆಂಚು ಇಲ್ಲ. ನಿಮ್ಮ ಮಾವ ಏನು ಮಾಡಿದರು ಗೊತ್ತಲ್ಲ? ಕಂಡ ಕಂಡ ಷೂ ಅಂಗಡಿಗೆ ಹೋಗಿ, ಷೂ ಹಾಕಿ ನೋಡೋ ನೆಪದಲ್ಲಿ ಕೂತು ಬಂದರು. ಪುಳಿಯೋಗರೆ ಡಬ್ಬಿ? ಹೋಟೆಲಿನ ಫ್ರಿಜ್ಜಿನಲ್ಲಿ! ತಗೊಂಡು ಬರೋ ಜವಾಬ್ದಾರಿ ಅನುರಾಗ್‌ದು ಅಂತ ಅದನ್ನೂ ಬರೆದಿದ್ದೆ. ಸೂಪಿನಲ್ಲಿ ಮೀನು, ಸಾಸಿನಲ್ಲಿ ಮೀನು. ಒಂದು ಬಾಳೆಹಣ್ಣಿನ ಮೇಲೆ ನಾನು ಇಡೀ ದಿನ ನಡೆದೆ.

ಆಮೇಲೆ ದೋತೊಂಬೊರಿ. ಗೋಡೆ ಮೇಲೆ ಕೋಣೆಯಷ್ಟು ದೊಡ್ಡ ಯಂತ್ರದ ಏಡಿ ಕಾಲು ಆಡಿಸ್ತಾ ಇರುತ್ತೆ, ಅದರ ಕೆಳಗೆ ಕಾಲಿಡೋಕೆ ಜಾಗ ಇಲ್ಲದಷ್ಟು ಜನ. ಅನುರಾಗ್ ಕ್ಯಾಮೆರಾ ಅಂಗಡಿಗೆ, ಮಾವ ಇನ್ನೊಂದು ಷೂ ಅಂಗಡಿಗೆ, ನೀನು ಮಗಳು ಸಂಯುಕ್ತಾನ ಕರಕೊಂಡು ಆ ಗೊಂಬೆ ಬೀಳೋ ಮಶೀನಿಗೆ. ಬ್ಯಾಗು ಕಾಯೋಕೆ ಕಾಲುವೆ ಮೆಟ್ಟಿಲ ಮೇಲೆ ನಾನು. ಎದುರಿಗೇ ತಿಂಡಿ ಅಂಗಡಿ. ಥೇಟ್ ನಮ್ಮ ಪಡ್ಡಿನ ಕಾವಲಿ ಕಣೇ! ಅದೇ ಗುಳಿ, ಅದೇ ಹಿಟ್ಟು, ಕಡ್ಡಿಯಲ್ಲಿ ತಿರುಗಿಸೋದೂ ನಮ್ಮ ಹಾಗೇ. ನಾನು ನೋಡಿದೆ ಅಷ್ಟೆ. ದೋಣಿ ಆಕಾರದ ಪುಟ್ಟ ತಟ್ಟೆಯಲ್ಲಿ ಹಾಕಿ ಕೊಡ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಮೊದಲನೇದು ನಾಲಿಗೆ ಸುಟ್ಟೇ ಬಿಡುತ್ತೆ... ಅಂತ ಸಂಯು ಹೇಳಿದಳು.

ಯಾಕೆ ತಲೆ ಎತ್ತಿದೆ? ಸಂಯು ತಿಂದಿಲ್ಲವಾ? ಹಾಗಾದರೆ ಎಲ್ಲೋ ಓದಿರಬೇಕು ನಾನು.

ಒಳಗಿರೋದು ಆಕ್ಟೋಪಸ್ ಅಂತ ಯಾರಿಗೆ ಗೊತ್ತು? ಹಸಿದವರು ಪಡ್ಡು ಅಂತಲೇ ತಿಂತಾರೆ, ಗೊತ್ತಿಲ್ಲದೆ ತಿಂದರೆ ಅದು ತಪ್ಪೂ ಅಲ್ಲ. ಹಲ್ಲಿಗೆ ರಬ್ಬರಿನ ಹಾಗೆ ಸಿಕ್ಕಮೇಲೂ ತಟ್ಟೆ ಖಾಲಿ ಮಾಡಿದರೆ... ಅದು ಬೇರೆ ಮಾತು. ನಿನಗೆ ಹೇಳ್ತಿರೋದು ಅದನ್ನೇ.

ಹೋಗಲಿ, ತಿಂದದ್ದು ಒಸಾಕದಲ್ಲೇ ಮುಗೀತಿತ್ತು. ಮನೆಗೆ ಬಂದಮೇಲೆ ನಿನ್ನ ಮಗಳು ವಿಡಿಯೋ ಕಾಲಿನಲ್ಲಿ ಅತ್ತಿಗೆ ಮುಖಕ್ಕೆ ಆ ದೋಣಿ ತಟ್ಟೆ ಹಿಡಿದಳಲ್ಲ! ‘ಅಜ್ಜಿ, ಲುಕ್, ಆಕ್ಟೋಪಸ್ ಪಡ್ಡು!’ ತಟ್ಟೆ ಮೇಲೆ ಎಂಟು ಕಾಲಿನ ಚಿತ್ರ ಬೇರೆ. ಅತ್ತಿಗೆ ‘ಯಾರು ತಿಂದಿದ್ದು?’ ಅಂದರು. ಮಾವ ಪೇಪರಿನ ಹಿಂದೆ, ಅನುರಾಗ್ ಫೋನಿನ ಹಿಂದೆ. ನಾನು... ನನಗೆ ಅದೇ ಹೊತ್ತಿಗೆ ಕೆಮ್ಮು ಬಂತು. ನೀನು ತಣ್ಣಗೆ ‘ನಾನೇ ತಿಂದೆ’ ಅಂದುಬಿಟ್ಟೆ.

ಯಾಕೆ ತಿಂದೆ ಹಂಸಾ? ಮೊಟ್ಟೆ ಹಾಕಿದ ಕೇಕು ಸಹ ಮುಟ್ಟಲ್ಲ ನೀನು. ಹೇಳು. ಯಾವಾಗ ತಿಂದೆ? ಆ ಮಶೀನಿನ ಹತ್ತಿರ ಮಗೂನ ಕೈ ಬಿಡದೆ ನಿಂತಿದ್ದೆ, ಮೆಟ್ಟಿಲಿಂದ ನನಗೆ ಕಾಣಿಸ್ತಾನೇ ಇತ್ತು... ತಿಂದಿದ್ದೂ ಅಲ್ಲದೆ, ಆ ತಟ್ಟೇನ ಬಿಸಾಕಬಾರದಿತ್ತಾ? ಯಾರಾದರೂ ಅಂಥದ್ದನ್ನ ತೊಳೆದು, ಒರೆಸಿ, ಟಿಕೆಟ್ಟು ಮ್ಯಾಪುಗಳ ಮಧ್ಯೆ ಮಟ್ಟಸವಾಗಿ ಜೋಡಿಸಿ ಇಲ್ಲಿ ಕ್ಯುಪರ್ಟಿನೋ ಮನೆವರೆಗೂ ತರ್ತಾರಾ? ನನ್ನ ಆ ಜಿಪ್ಪಿನ ಕವರು... ಪ್ರತಿ ಪ್ರಯಾಣದ್ದೂ ಒಂದೊಂದು ಇದೆ, ಒಂದು ಬಸ್ ಟಿಕೆಟ್ಟೂ ಕಳೆದಿಲ್ಲ ಇವತ್ತಿನವರೆಗೆ. ಈ ಮನೆಯಲ್ಲಿ ನಾನೊಬ್ಬಳು ಬಿಟ್ಟು ಅದಕ್ಕೆ ಯಾರೂ ಏನನ್ನೂ...

...

ಸಂಯು ಅದನ್ನ ಆ ಕವರಿನಿಂದ ತೆಗೆದಾಗ ನೀನು ಪಕ್ಕದಲ್ಲೇ ಇದ್ದೆ.

ಏನಾದರೂ ಅನ್ನು.

ಬೇಡ, ಅನ್ನಬೇಡ. ಹಾಗೆ ನೆಲ ನೋಡ್ತಾನೂ ನಿಲ್ಲಬೇಡ, ನೆಲ ನೋಡಬೇಕಾದವಳು ನೀನಲ್ಲ.

ತಗೋ, ಈ ಪಾತ್ರೆ ಹಿಡಿ. ಎರಡೂ ಕೈಯಲ್ಲಿ ಹಿಡಿ, ಹಳೇದು, ಭಾರ ಇದೆ. ಹುಣಸೆಹಣ್ಣು ಹಾಕಿ ತಿಕ್ಕು. ನಾಳೆ ಬೆಳಿಗ್ಗೆ ಸ್ನಾನ ಮಾಡಿ ನೀನೇ ಒಲೆ ಹಚ್ಚು. ಎಳ್ಳುಂಡೆ ಹದ ನಾನು ಬಾಗಿಲಾಚೆ ನಿಂತು ಹೇಳ್ತೀನಿ, ಒಳಗೆ ಬರಲ್ಲ.

ನನ್ನ ಫೋನೆಲ್ಲಿ? ಅತ್ತಿಗೆ ಇನ್ನೂ ಎದ್ದಿರ್ತಾರೆ. ತಿಥಿ ಸ್ಯಾನ್ ಮಟಿಯೋಗೆ ಹೋಗೋದಾದರೆ ಹೋಗಲಿ, ಈ ಪಾತ್ರೆ ಮಾತ್ರ ನಿನ್ನ ಕೈಯಲ್ಲೇ ಹೋಗಬೇಕು. ಸ್ವಲ್ಪ ನಲ್ಲಿ ಜೋರಾಗಿ ಬಿಡು ಹಂಸಾ. ನಾನು ಅವರ ಹತ್ತಿರ ಹೇಳೋದು ನಿನಗೆ ಕೇಳಿಸೋದು ಬೇಡ.