ಎದುರಿಂದ ಯಾರೂ ಬಾರದ ಟ್ರ್ಯಾಕು

ಬಾಲ್ಯದಲ್ಲಿ ಅಪ್ಪನ ಅಂಗಿಗೆ ಪೆಟ್ರೋಲ್ ವಾಸನೆ ಇರುತ್ತಿತ್ತು. ಅಮೆರಿಕದ ಡಿಯರ್‌ಬಾರ್ನ್ ಊರಿನ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ನನ್ನ ಮುಂದೆ ಕುಳಿತಿದ್ದ ಇಬ್ಬರು ವೃದ್ಧರ ಕಡೆಯಿಂದ ಅದೇ ವಾಸನೆ ಬಂತು. ಕನ್ನಡದಲ್ಲಿ ಮಾತಾಡುತ್ತಿದ್ದ ಅವರಲ್ಲಿ ಒಬ್ಬರ ತೊಡೆಯ ಮೇಲೆ ಊಟದ ಡಬ್ಬಿ ಇತ್ತು.

“ಮನೋಹರ, ಕಣ್ಣು ಮಂಜಾಗಿದೆ ಅಂತ ಡಾಕ್ಟರೇ ಹೇಳಿದಾರೆ. ಲೈಸೆನ್ಸ್ ರಿನ್ಯೂ ಮಾಡಿಸ್ಬೇಡ.”

“ಅರವತ್ತೆಂಟನೇ ಇಸ್ವೀಲಿ ಮಣ್ಣಿನ ಟ್ರ್ಯಾಕಲ್ಲಿ ರೇಸ್ ಓಡಿಸ್ದಾಗ ಏನು ಕಾಣ್ತಿತ್ತು, ಷರೀಫ? ಬರೀ ಧೂಳು. ಮುಂದಿನ ಕಾರಿನ ಸದ್ದು ಕೇಳ್ಕೊಂಡೇ ಓಡಿಸ್ದೆ.”

“ನೀನು ಹನ್ನೊಂದನೇವ್ನಾಗಿ ಬಂದೆ. ಇದ್ದಿದ್ದೇ ಹನ್ನೊಂದು ಕಾರು.”

“ಆದ್ರೆ ಯಾರಿಗೂ ಗುದ್ದಲಿಲ್ಲ.”

“ಅಲ್ಲಿ ಎಲ್ರೂ ಒಂದೇ ಕಡೆ ಸುತ್ತೋರು ಮಾರಾಯ. ಎದುರಿಂದ ಯಾರೂ ಬರ್ತಿರಲಿಲ್ಲ. ಮಗು ಕೈ ಹಿಡ್ಕೊಂಡು ಯಾರೂ ದಾಟ್ತಿರಲಿಲ್ಲ.”

ನಂಬರ್ ಕೂಗಿದಾಗ ಮನೋಹರ್ ಕೌಂಟರಿಗೆ ಹೋಗಿ, ಲೈಸೆನ್ಸ್ ಬೇಡ, ಗುರುತಿನ ಚೀಟಿ ಸಾಕು ಎಂದರು.

ಬಾಗಿಲ ಬಳಿ ಅವರು ಷರೀಫರ ಮುಂದೆ ಕಾರಿನ ಕೀ ಹಿಡಿದರು. ಷರೀಫ್ ಅದನ್ನು ತೆಗೆದುಕೊಂಡು, ಖಾಲಿಯಾದ ಆ ಕೈಗೆ ತಮ್ಮ ಊಟದ ಡಬ್ಬಿ ಇಟ್ಟರು.