ಅಪ್ಪನ ಮಣೆಯ ಮುಂದಿನ ಬೀಜಗಳು

ಒಂದೂರಲ್ಲಿ ಒಬ್ಬ ಗೃಹಸ್ಥನಿದ್ದ. ಹೆಸರು ಬೇಡ. ಹೆಸರು ಹೇಳಿದರೆ, ಸದ್ಯ ನಾನಲ್ಲವಲ್ಲ ಎಂದು ನೀವೆಲ್ಲ ಈ ಪ್ರವಚನದುದ್ದಕ್ಕೂ ಆರಾಮಾಗಿ ಕಾಲು ಚಾಚಿ ಕೂತುಬಿಡುತ್ತೀರಿ. ಅವನಿಗೊಬ್ಬಳು ಹೆಂಡತಿ, ಏಳೆಂಟು ವರ್ಷದ ಒಬ್ಬಳು ಮಗಳು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ನಡುಮನೆ ಗುಡಿಸುತ್ತಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳಿದ್ದವು. ಹಿಂದಿನ ದಿನ ಸಂಜೆ ಅವಳೂ ಮಗಳೂ ಆಡಿ ಹಾಗೇ ಬಿಟ್ಟದ್ದು. ಒಂದು ಬದಿಯಲ್ಲಿ ಗಂಡ ಕೂರುವ ಮಣೆ, ಅದರ ಮುಂದೆ ಆಟದಲ್ಲಿ ಪಣಕ್ಕಿಡುವ ನಾಲ್ಕಾರು ಹುಣಸೆ ಬೀಜ. ಪೊರಕೆ ಅಲ್ಲಿಗೆ ಹೋಯಿತೋ ಇಲ್ಲವೋ, ಮಗಳು ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಓಡಿ ಬಂದಳು.

"ಅಮ್ಮಾ, ಮುಟ್ಬೇಡ! ಅದು ಅಪ್ಪಂದು!"

"ಮೊದ್ಲು ನೊರೆ ಉಗುಳಿ ಬಾರೇ, ಒರೆಸೋಳು ನಾನು. ಅಪ್ಪಂದು ಹೇಗಾಗುತ್ತೆ? ಅಪ್ಪ ನಿನ್ನೆ ಆಡಿದ್ರಾ?"

"ಆಡ್ಲಿಲ್ಲ. ಅದಕ್ಕೇ ಇಷ್ಟೇ ಉಳಿದಿರೋದು."

ತಾಯಿ ಪೊರಕೆ ಹಿಡಿದು ನಿಂತಳು. ಶನಿವಾರ ಆಟಕ್ಕೆ ಕೂರುವಾಗ ಮಗಳು ಅಪ್ಪನ ಮಣೆಯನ್ನೂ ಹಾಕುವುದು ಅವಳಿಗೆ ಗೊತ್ತಿತ್ತು. ಮಕ್ಕಳಾಟ, ಹಾಕಿಕೊಳ್ಳಲಿ ಎಂದು ಸುಮ್ಮನಿದ್ದಳು. ಆದರೆ ಮೊದಲು ಆ ಮಣೆಯ ಮುಂದೆ ಒಂದು ಹಿಡಿ ಬೀಜ ಇರುತ್ತಿರಲಿಲ್ಲವೇ?

ಇಲ್ಲಿ ಸ್ವಲ್ಪ ನಿಲ್ಲೋಣ. ನೋಡಿ, ಈ ಗೃಹಸ್ಥ ಕೆಟ್ಟವನಲ್ಲ. ಕುಡಿಯುವುದಿಲ್ಲ, ದುಡ್ಡು ಕಟ್ಟಿ ಆಡುವುದಿಲ್ಲ. ಶನಿವಾರ ಸಂಜೆ ಗೆಳೆಯರ ಕ್ಲಬ್ಬಿನಲ್ಲಿ ಪೋಕರ್ ಇಸ್ಪೀಟಿನ ಪಂದ್ಯ. ಎಲ್ಲರಿಗೂ ಸಮನಾಗಿ ಬಣ್ಣದ ಬಿಲ್ಲೆ ಹಂಚುತ್ತಾರೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಕೊನೆಗೆ ಉಳಿದವನು ಗೆದ್ದ. ಗೆದ್ದವನಿಗೆ ಒಂದು ಹಾಟ್‌ಬಾಕ್ಸ್. ಅಷ್ಟೇ.

"ಇನ್ನೊಂದು ಹಾಟ್‌ಬಾಕ್ಸ್ ತಂದ್ರೆ ಇಡೋಕೆ ಜಾಗ ಇಲ್ಲ ರೀ, ಅದರೊಳಗೆ ನಾವೇ ಹೋಗಿ ಕೂತ್ಕೋಬೇಕು" ಎಂದು ಹೆಂಡತಿ ಅಂದರೆ ಅವನೂ ನಗುತ್ತಿದ್ದ. ಇಸ್ಪೀಟು ಮುಟ್ಟಿದರೆ ಪಾಪ ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ.

ಒಮ್ಮೆ ಮಗಳು ಕೇಳಿದ್ದಳು: "ಅಪ್ಪಾ, ನೀನು ಲೇಟಾಗಿ ಹೋದ್ರೆ ಆಟಕ್ಕೆ ಸೇರಿಸ್ಕೊಳ್ಳಲ್ವಾ?"

"ಅಯ್ಯೋ ಪುಟ್ಟಿ, ನಾನಿಲ್ದಿದ್ರೂ ನನ್ನ ಕುರ್ಚಿ ಮುಂದೆ ಎಲೆ ಹಾಕ್ತಾರೆ! ಸುತ್ತು ಬಂದಾಗೆಲ್ಲ ನನ್ನ ಬಿಲ್ಲೇಲಿ ಒಂದಿಷ್ಟು ತೆಗೀತಾರೆ, ಅಷ್ಟೇ. ನಾನು ಹೋಗೋ ಹೊತ್ತಿಗೆ ಇನ್ನೂ ಬೇಕಾದಷ್ಟಿರುತ್ತೆ."

ಎಷ್ಟು ಹೆಮ್ಮೆಯಿಂದ ಹೇಳಿದ, ನೋಡಿ! ಬೇಕಾದಷ್ಟಿರುತ್ತೆ. ಮಗು ಆ ನಿಯಮವನ್ನು ಮನೆಗೆ ತಂದುಕೊಂಡಿತು. ಅಪ್ಪ ಬರಲಿ ಬಿಡಲಿ, ಮಣೆ ಹಾಕುವುದು. ಬಾರದ ಶನಿವಾರ ಒಂದು ಬೀಜ ತೆಗೆಯುವುದು. ಸಿಟ್ಟಿಲ್ಲ, ಅಳುವಿಲ್ಲ. ನಿಯಮ, ಅಷ್ಟೇ.

ಮಗಳ ಬಾಯಿಂದ ಇದನ್ನೆಲ್ಲ ಕೇಳಿದ ತಾಯಿ ಏನು ಮಾಡಿದಳು? ಒಳಗೆ ಹೋದಳು. ಡಬ್ಬಿಯಿಂದ ಒಂದು ಹಿಡಿ ಬೀಜ ತಂದು ಮಣೆಯ ಮುಂದೆ ಸುರಿಯಹೋದಳು.

ಮಗು ಅವಳ ಕೈ ಹಿಡಿದುಕೊಂಡಿತು. "ಅದು ಮೋಸ ಅಮ್ಮಾ. ಅಪ್ಪನೇ ಬಂದು ಆಡಿ ಗೆಲ್ಬೇಕು."

ತಾಯಿಯ ಮುಷ್ಟಿ ಹಾಗೇ ನಿಂತಿತು. ಇಷ್ಟು ದಿನ ತಾನು ಮಾಡಿದ್ದು ಇದನ್ನೇ ಅಲ್ಲವೇ ಎಂದು ಅವಳಿಗನ್ನಿಸಿತು. ಅಪ್ಪಂಗೆ ಕೆಲಸ ಇತ್ತು ಪುಟ್ಟಿ. ಅಪ್ಪ ನಿನ್ನ ಕೇಳ್ತಾನೇ ಇದ್ರು ಪುಟ್ಟಿ. ನೀನು ಮಲಗಿದ್ಮೇಲೆ ಬಂದು ತಲೆ ಸವರಿದ್ರು. ಗಂಡ ಆಡದ ಮಾತನ್ನೆಲ್ಲ ಅವನ ಪಾಲಿಗೆ ಅವಳೇ ಹಾಕಿ, ರಾಶಿ ಕರಗದ ಹಾಗೆ ಕಾಪಾಡುತ್ತಾ ಬಂದಿದ್ದಳು. ಅವಳು ಆ ಹಿಡಿ ಬೀಜವನ್ನು ತಿರುಗಿ ಡಬ್ಬಿಗೆ ಹಾಕಿದಳು.

ಅಷ್ಟರಲ್ಲಿ ಗೃಹಸ್ಥ ಎದ್ದು ಬಂದ. ಒಳ್ಳೆಯ ಗೆಲುವಿನಲ್ಲಿದ್ದ, ನಿನ್ನೆಯ ಹಾಟ್‌ಬಾಕ್ಸ್ ಕಂಕುಳಲ್ಲಿತ್ತು. "ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ತಾಯಿ ಮಗಳು ಬೀಜ ಕಾಯ್ತಿದೀರಿ? ಗಿಡ ಬರುತ್ತೆ ಅಂತಾನಾ?"

ಹೆಂಡತಿ ಪಕ್ಕಕ್ಕೆ ಸರಿದಳು. ಈ ಸಲ ಅವಳು ಗಂಡನ ಪಾಲಿಗೆ ಯಾವ ಮಾತನ್ನೂ ಹಾಕಲಿಲ್ಲ. ಮಗು ಅಪ್ಪನನ್ನು ನೋಡಿತು, ಬೀಜ ನೋಡಿತು. ಎಷ್ಟೋ ಶನಿವಾರದಿಂದ ಅದರ ಬಾಯಲ್ಲಿ ಒಂದು ಪ್ರಶ್ನೆ ಇತ್ತು.

ಆ ಪ್ರಶ್ನೆ ಇರಲಿ. ಅದಕ್ಕೆ ಮೊದಲು ನಿಮ್ಮ ಮನೆಗೆ ಹೋಗಿಬರೋಣ, ಬನ್ನಿ.

ನಿಮಗೆ ಇಸ್ಪೀಟು ಗೊತ್ತಿಲ್ಲದೆ ಇರಬಹುದು. ನಿಮ್ಮ ಕ್ಲಬ್ಬು ನಿಮ್ಮ ಮೊಬೈಲಿನೊಳಗಿರಬಹುದು. ಅಂಗಡಿ ಇರಬಹುದು, ಸಂಘ ಇರಬಹುದು. ನಗಬೇಡಿ, ದಿನಾ ತಪ್ಪದೆ ಬಂದು ಕೂರುವ ಈ ಪ್ರವಚನವೇ ಇರಬಹುದು! ನೀವಿಲ್ಲದಾಗಲೂ ಮನೆಯಲ್ಲಿ ನಿಮಗೆ ಎಲೆ ಹಾಕುತ್ತಿದ್ದಾರೆ. ನಿಮ್ಮ ಪಾಲಿನ ಸಿಹಿ ಎತ್ತಿಟ್ಟಿರುತ್ತದೆ. ಬರಲಿ, ಬಂದಮೇಲೆ ಹೇಳೋಣ ಎಂದು ಒಂದು ಮಾತು ಕಾದು ಕೂತಿರುತ್ತದೆ. ಜಾಗ ಇದೆ ಎಂದು ನೀವು ಧೈರ್ಯವಾಗಿದ್ದೀರಿ. ಇದೆ, ನಿಜ. ಆದರೆ ಸುತ್ತು ಬರುತ್ತಿದೆ, ತೆಗೆಯುತ್ತಿದ್ದಾರೆ. ಸದ್ದಾಗುತ್ತದೆಯೇ? ಇಲ್ಲ. ಬೀಜ ತೆಗೆದರೆ ಏನು ಸದ್ದು?

ಆದ್ದರಿಂದ ವಾರಕ್ಕೆ ಒಂದು ಸಂಜೆ ಮನೆಯಲ್ಲಿ ಕೂರಿ. ನಿಮಗೆ ಬಿಡುವಾದ ಸಂಜೆಯಲ್ಲ, ಅವರು ಆರಿಸಿದ ಸಂಜೆ. ಆಟ ಮುಗಿಯುವ ಹೊತ್ತಿಗೆ ಬಂದು ಯಾರು ಗೆದ್ದರು ಎಂದು ಕೇಳುವುದಲ್ಲ, ಶುರುವಾಗುವ ಮೊದಲೇ ಮಣೆಯ ಮೇಲಿರಬೇಕು. ಮತ್ತೆ ತಾಯಂದಿರೇ, ನಿಮಗೂ ಒಂದು ಮಾತು. ಬಾರದವರ ಪರವಾಗಿ ಬೀಜ ಸುರಿಯುವುದನ್ನು ಇನ್ನು ಬಿಡಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಎಷ್ಟು ಉಳಿದಿದೆ ಎಂದು ಅವರ ಕಣ್ಣಿಗೂ ಬೀಳಬೇಡವೇ?

ಈಗ ಆ ಪ್ರಶ್ನೆ. ಅದನ್ನು ಮನೆಗೆ ತೆಗೆದುಕೊಂಡು ಹೋಗಿ. ಉತ್ತರವನ್ನು ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ, ಹೋಗಿ ಮಣೆಯ ಮೇಲೆ ಕೂರಿ.

ಮಗು ಬಾಯಿ ಒರೆಸಿಕೊಂಡಿತು. ತಲೆಯೆತ್ತಿ, ಹಾಟ್‌ಬಾಕ್ಸ್ ಹಿಡಿದು ನಿಂತ ಅಪ್ಪನನ್ನು ಕೇಳಿತು:

"ಅಪ್ಪಾ, ನಿಮ್ಮ ಕ್ಲಬ್ಬಲ್ಲಿ, ಬರ್ದೇ ಇರೋರ ಬಿಲ್ಲೆ ಪೂರ್ತಿ ಖಾಲಿ ಆದ್ಮೇಲೆ ಅವರ ಕುರ್ಚೀನ ಏನ್ ಮಾಡ್ತಾರೆ?"